ಹಳೇ ಸೈಕಲ್ಲಿಗೆ ಬೇರೆ ಗಾಲಿ

ಉಚ್ಚಂಗಿದುರ್ಗದ ಸುತ್ತಿನ ಹಳ್ಳಿಗಳಲ್ಲಿ ಅಪ್ಪನ ಕಾಲದ ಸೈಕಲ್ಲು ಸುಮ್ಮನೆ ಗೋಡೆಗೆ ಒರಗಿ ನಿಲ್ಲುವ ವಸ್ತುವಲ್ಲ. ಕ್ಯಾರಿಯರಿಗೆ ಹುಲ್ಲಿನ ಹೊರೆ, ಹ್ಯಾಂಡಲ್ಲಿಗೆ ಹಾಲಿನ ಕ್ಯಾನು. ಹೆಚ್ಚಿನ ಭಾರ ಹಿಂದಕ್ಕೇ ಬೀಳುವುದರಿಂದಲೇ ಇಂಥ ಸೈಕಲ್ಲಿನ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಹಾಗಿದ್ದರೂ ಮೊದಲು ಸೋಲುವುದು ಹಿಂದಿನ ಗಾಲಿಯೇ. ಆಗ ಕಣ್ಣು ಹೋಗುವುದು ಮಕ್ಕಳ ಹಳೇ ಸೈಕಲ್ಲಿನ ಕಡೆಗೆ. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಗಳಿಗೆ ಬಂದಿವೆ. ಅದರ ಗಾಲಿ ಇದಕ್ಕೆ ಕೂರುತ್ತದೆಯೇ?

ಉತ್ತರ ಟಯರಿನ ಪಕ್ಕದಲ್ಲೇ ಅಚ್ಚಾಗಿದೆ. ಮಣ್ಣು ಒರೆಸಿ ನೋಡಿ. ದೊಡ್ಡ ಸೈಕಲ್ಲಿನ ಟಯರಿನ ಮೇಲೆ 28×1½ ಎಂದಿರುತ್ತದೆ, ಜೊತೆಗೆ 40-635 ಎಂದೂ ಇರಬಹುದು. ನಂಬಬೇಕಾದದ್ದು ಎರಡನೆಯದನ್ನು. 635 ಎಂದರೆ ರಿಮ್ಮಿನಲ್ಲಿ ಟಯರು ಕೂರುವ ಜಾಗದ ಅಡ್ಡಳತೆ, ಮಿಲಿಮೀಟರಿನಲ್ಲಿ. ಇಂಚಿನ ಲೆಕ್ಕ ಮೋಸ ಮಾಡುತ್ತದೆ: 26 ಇಂಚು ಎಂದು ಕರೆಯುವ ಗಾಲಿಗಳಲ್ಲೇ 590, 584, 559 ಎಂಬ ಬೇರೆ ಬೇರೆ ಅಳತೆಗಳಿವೆ. ಯುರೋಪಿನಲ್ಲಿ 28 ಎನ್ನಿಸಿಕೊಳ್ಳುವ 700ಸಿ ಗಾಲಿ 622. ನಮ್ಮ 635ಕ್ಕೂ ಅದಕ್ಕೂ 13 ಮಿ.ಮೀ. ಅಂತರ, ಅಂದರೆ ಪ್ರತಿ ಬದಿಗೆ ಆರೂವರೆ. ಹಳೇ ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಒಳಮುಖಕ್ಕೆ, ಕಡ್ಡಿ ಸೇರುವ ಕಡೆಗೆ, ಒತ್ತಬೇಕು. ಆರೂವರೆ ಮಿ.ಮೀ. ತಪ್ಪಿದರೆ ಅದು ಹಿಡಿಯಬೇಕಾದಲ್ಲಿ ಹಿಡಿಯುವುದಿಲ್ಲ. ದುರ್ಗದ ಇಳಿಜಾರಿನಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು ಅಳತೆ ಅಗಲದ್ದು. ಆಕ್ಸಲ್ ಕೂರುವ ಎರಡು ಸೀಳುಗಳ ನಡುವೆ ಸ್ಕೇಲು ಹಿಡಿಯಿರಿ. ಗೇರಿಲ್ಲದ ಹಳೇ ಫ್ರೇಮಿನಲ್ಲಿ ಸುಮಾರು 110 ಮಿ.ಮೀ. ಸಿಗುತ್ತದೆ, ಗೇರಿನ ಗಾಲಿಗಳು 126, 130, 135. ಎರಡು ಮೂರು ಮಿ.ಮೀ. ಕಡಿಮೆ ಬಿದ್ದರೆ ಉಕ್ಕಿನ ಫ್ರೇಮು ಕೈಯಲ್ಲೇ ಅಗಲವಾಗುತ್ತದೆ. 25 ಮಿ.ಮೀ. ಬೇಕೆಂದು ಸಲಾಕೆ ಹಾಕಿ ಮೀಟಬೇಡಿ. ಬೆಸುಗೆಯ ಜಾಗ ಬಿಡುತ್ತದೆ. ಅಲ್ಯೂಮಿನಿಯಂ ಫ್ರೇಮನ್ನಂತೂ ಅಗಲಿಸಲೇಬಾರದು. ಆಕ್ಸಲ್ಲಿನ ವಾಶರು ತೆಗೆದು ಅಗಲ ಇಳಿಸಬಹುದು, ಆದರೆ ಆಗ ರಿಮ್ಮು ನಡುವಿನಿಂದ ಸರಿಯುತ್ತದೆ. ಒಂದು ಬದಿಯ ಕಡ್ಡಿ ಬಿಗಿದು, ಇನ್ನೊಂದು ಬದಿ ಸಡಿಲಿಸಿ ಅದನ್ನು ಎಳೆದು ತರುವುದು ಪಳಗಿದ ಕೈಯ ಕೆಲಸ. ಹರಪನಹಳ್ಳಿಯಲ್ಲೋ ದಾವಣಗೆರೆಯಲ್ಲೋ ಗೊತ್ತಿದ್ದ ಮೇಸ್ತ್ರಿಗೆ ಬಿಡುವುದೇ ಮೇಲು.

ಹಳೇ ಚೈನು ಅಗಲ, ಗೇರಿನ ಹಲ್ಲುಗಳು ತೆಳು ಮತ್ತು ಒತ್ತೊತ್ತು. ಹಾಗಾಗಿ ಗೇರಿನ ಗಾಲಿಗೆ ಒಂಟಿ ಫ್ರೀವೀಲನ್ನೇ ಹಾಕಿಸಿ.

ಕೂರಿಸುವಾಗ ಗಾಲಿಯನ್ನು ಹಿಂದಕ್ಕೆ ಎಳೆದು ಹಿಡಿದು, ಚೈನಿನ ನಡುವೆ ಹೆಬ್ಬೆರಳಿಟ್ಟು ಒತ್ತಿ. ಅರ್ಧ ಇಂಚು ಆಡಿದರೆ ಸರಿ. ಪೆಡಲು ಒಂದು ಸುತ್ತು ತಿರುಗಿಸಿ: ಚೈನು ಎಲ್ಲ ಕಡೆ ಒಂದೇ ಬಿಗಿ ಇರುವುದಿಲ್ಲ, ತೀರ ಬಿಗಿಯಾಗುವ ಕಡೆಯೇ ಈ ಅಳತೆ ನೋಡಬೇಕು. ಟಯರಿನ ಎರಡೂ ಪಕ್ಕ ಸಮನಾಗಿ ಸಂದು ಬಿಟ್ಟಿದೆಯೇ ನೋಡಿಕೊಂಡು, ನಟ್ಟುಗಳನ್ನು ಆಚೆ ಸ್ವಲ್ಪ ಈಚೆ ಸ್ವಲ್ಪ ಬಿಗಿಯಿರಿ.

ಹೊರೆ ಹೇರುವ ಮೊದಲು ಸಮತಟ್ಟಾದ ದಾರಿಯಲ್ಲಿ ಒಂದೆರಡು ಕಿಲೋಮೀಟರು ಖಾಲಿ ಓಡಿಸಿ, ಬ್ರೇಕು ಹಿಡಿದು ನೋಡಿ, ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿ. ಇಳಿಜಾರಿಗೆ ಆಮೇಲೆ ಬಿಡಿ.