ಬಸುರಿನ ದಿನಗಳ ಉಡುಪು: ಬದಲಾಗುವ ದೇಹಕ್ಕೆ ಹೊಂದಿಕೊಳ್ಳುವ ಬಗೆ

ಭಾನುವಾರ ಬೆಳಿಗ್ಗೆ ಬಲಿಪೂಜೆಗೆ ಹೊರಡುವ ಹೊತ್ತು. ಕಪಾಟು ತುಂಬ ಬಟ್ಟೆಗಳಿವೆ. ಆದರೆ ಹೋದ ತಿಂಗಳು ಸರಿಯಾಗಿದ್ದ ರವಿಕೆಯ ಹುಕ್ಕು ಈಗ ಕೂಡುತ್ತಿಲ್ಲ, ಚೂಡಿದಾರ ಹೊಟ್ಟೆಯ ಬಳಿ ಬಿಗಿಯುತ್ತದೆ, ಸೀರೆಯ ನೆರಿಗೆ ನಿಲ್ಲುತ್ತಿಲ್ಲ. ಮೊದಲ ಬಸುರಿನ ನಾಲ್ಕನೆಯ ಅಥವಾ ಐದನೆಯ ತಿಂಗಳಲ್ಲಿ ಈ ಅನುಭವ ಆಗದ ತಾಯಂದಿರು ಕಡಿಮೆ. ಕೆಲವರು ಹೇಗೋ ಬಿಗಿದುಕೊಂಡು ಹೊರಡುತ್ತಾರೆ. ಕೆಲವರು ‘ಇವತ್ತು ಬೇಡ’ ಎಂದು ಮನೆಯಲ್ಲೇ ಉಳಿಯುತ್ತಾರೆ.

ಬಟ್ಟೆಯದು ಸಣ್ಣ ವಿಷಯವೆಂದು ಹಿರಿಯರಿಗೆ ತೋರಬಹುದು. ಆದರೆ ಮುಂದಿನ ಐದು ತಿಂಗಳು ಆ ತಾಯಿ ಹೇಗೆ ಉಸಿರಾಡುತ್ತಾಳೆ, ಹೇಗೆ ನಡೆಯುತ್ತಾಳೆ, ನಾಲ್ಕು ಜನರ ನಡುವೆ ಎಷ್ಟು ನೆಮ್ಮದಿಯಿಂದ ಬೆರೆಯುತ್ತಾಳೆ ಎಂಬುದೆಲ್ಲ ಇದರೊಂದಿಗೆ ಸೇರಿಕೊಂಡಿದೆ. ಆದುದರಿಂದ ಈ ವಿಷಯವನ್ನು ಸಂಕೋಚವಿಲ್ಲದೆ ತಿಳಿದುಕೊಳ್ಳುವುದು ಒಳ್ಳೆಯದು.

ದೇಹದಲ್ಲಿ ಆಗುವುದೇನು?

ಮೊದಲ ಮೂರು ತಿಂಗಳು ಗರ್ಭಕೋಶವು ಕಿಬ್ಬೊಟ್ಟೆಯ ಎಲುಬುಗಳ ಒಳಗೇ ಇರುತ್ತದೆ. ಹನ್ನೆರಡನೆಯ ವಾರದ ಹೊತ್ತಿಗೆ ಅದು ಮೇಲೆ ಬರತೊಡಗಿ, ಇಪ್ಪತ್ತನೆಯ ವಾರಕ್ಕೆ ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟ ತಲುಪುತ್ತದೆ. ಹೊಟ್ಟೆ ಕಾಣುವ ಮೊದಲೇ ಸ್ತನಗಳು ತುಂಬಿಕೊಂಡು ನೋಯುವುದುಂಟು. ಮುಂದೆ ಪಕ್ಕೆಲುಬಿನ ಗೂಡು ಕೂಡ ಸ್ವಲ್ಪ ಅಗಲವಾಗುತ್ತದೆ. ರವಿಕೆ ಮೊದಲು ಬಿಗಿಯಾಗುವುದು, ಲಂಗ ಆಮೇಲೆ ಬಿಗಿಯಾಗುವುದು ಇದೇ ಕಾರಣದಿಂದ.

ತೂಕ ಹೆಚ್ಚುವುದನ್ನು ಕಂಡು ಅನೇಕರು ಗಾಬರಿಯಾಗುತ್ತಾರೆ. ಸುಮಾರು 12 ಕಿಲೋ ಹೆಚ್ಚಿದರೆ ಅದರ ಲೆಕ್ಕ ಹೀಗಿರುತ್ತದೆ: ಮಗು ಸುಮಾರು 3 ಕಿಲೋ, ಮಾಸು ಅರ್ಧ ಕಿಲೋಗಿಂತ ತುಸು ಹೆಚ್ಚು, ಮಗುವಿನ ಸುತ್ತಲಿನ ನೀರು ಮುಕ್ಕಾಲು ಕಿಲೋ, ಗರ್ಭಕೋಶ 1 ಕಿಲೋ, ಸ್ತನಗಳು ಅರ್ಧ ಕಿಲೋ, ಹೆಚ್ಚಿದ ರಕ್ತ ಒಂದೂವರೆ ಕಿಲೋ, ದೇಹದ ನೀರಿನಂಶ ಒಂದೂವರೆ ಕಿಲೋ. ಉಳಿದ ಸುಮಾರು 3 ಕಿಲೋ ಮಾತ್ರ ಕೊಬ್ಬು. ಅದೂ ಮುಂದೆ ಹಾಲುಣಿಸಲು ದೇಹ ಕೂಡಿಟ್ಟುಕೊಂಡದ್ದು. ಮೊದಲೇ ತೆಳ್ಳಗಿದ್ದವರಿಗೆ ಹೆಚ್ಚು ತೂಕ ಬೇಕಾಗುತ್ತದೆ, ದಪ್ಪಗಿದ್ದವರಿಗೆ ಕಡಿಮೆ ಸಾಕು. ತಪಾಸಣೆಗೆ ಹೋದಾಗಲೆಲ್ಲ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು, ‘ನನಗೆ ಎಷ್ಟು ಹೆಚ್ಚಬೇಕು?’ ಎಂದು ವೈದ್ಯರಲ್ಲೇ ಕೇಳಿ. ಬಟ್ಟೆ ಹಿಡಿಯುತ್ತಿಲ್ಲವೆಂದು ಊಟ ಕಡಿಮೆ ಮಾಡುವುದು ತಾಯಿ ಮಗು ಇಬ್ಬರಿಗೂ ಹಾನಿ.

ಲಂಗದ ಲಾಡಿ

ನಮ್ಮ ಕಡೆ ಹೆಚ್ಚಿನ ತಾಯಂದಿರು ಸೀರೆ ಉಡುವವರು. ಸೀರೆ ಬಸುರಿನ ದಿನಗಳಿಗೆ ಒಳ್ಳೆಯ ಉಡುಪೇ. ಹೊಟ್ಟೆ ಬೆಳೆದಂತೆ ಅದೂ ಹೊಂದಿಕೊಳ್ಳುತ್ತದೆ. ತೊಂದರೆ ಕೊಡುವುದು ಒಳಗಿನ ಲಂಗದ ಲಾಡಿ. ತೆಳ್ಳಗಿನ ಲಾಡಿಯನ್ನು ಒಂದೇ ಜಾಗದಲ್ಲಿ ಬಿಗಿದು ಕಟ್ಟಿದರೆ ಚರ್ಮ ಕಪ್ಪಾಗಿ ತುರಿಕೆ, ಹುಣ್ಣು ಆಗುತ್ತವೆ. ಹಲವು ದಶಕ ಸೊಂಟಕ್ಕೆ ಬಿಗಿದು ಉಟ್ಟ ಇಬ್ಬರು ವಯಸ್ಸಾದ ಮಹಿಳೆಯರಲ್ಲಿ ಇಂಥ ಹುಣ್ಣು ಕ್ಯಾನ್ಸರಿಗೆ ತಿರುಗಿದ್ದನ್ನು ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ. ಇದು ತೀರಾ ಅಪರೂಪ, ಬಸುರಿಯರು ಹೆದರಬೇಕಾಗಿಲ್ಲ. ಆದರೆ ಮಾಯದ ಹುಣ್ಣನ್ನು ಯಾರೂ ಅಲಕ್ಷಿಸಬಾರದು.

ಪರಿಹಾರ ಸುಲಭ. ಲಾಡಿಯ ಬದಲು ಎರಡು ಇಂಚು ಅಗಲದ ಮೆತ್ತಗಿನ ಇಲಾಸ್ಟಿಕ್ ಹಾಕಿಸಿ, ಇಲ್ಲವೇ ಅಗಲವಾದ ಬಟ್ಟೆಯ ಪಟ್ಟಿ ಹೊಲಿಸಿ. ಹೊಟ್ಟೆಯ ಮಧ್ಯದಲ್ಲಿ ಕಟ್ಟದೆ ಹೊಟ್ಟೆಯ ಕೆಳಗೆ, ಸೊಂಟದ ಎಲುಬಿನ ಮೇಲೆ ನಿಲ್ಲುವಂತೆ ಉಡಿ. ರಾತ್ರಿ ಬಿಚ್ಚಿದಾಗ ಚರ್ಮದಲ್ಲಿ ಆಳವಾದ ಗೆರೆ ಕಂಡರೆ ಅದು ಬಿಗಿಯಾಗಿತ್ತು ಎಂದೇ ಅರ್ಥ.

ರವಿಕೆ ಮತ್ತು ಒಳ ಉಡುಪು

ಹೊಸ ರವಿಕೆ ಹೊಲಿಸುವಾಗ ಪಕ್ಕದ ಹೊಲಿಗೆಯ ಒಳಗೆ ಒಂದೂವರೆ ಇಂಚಿನಷ್ಟು ಬಟ್ಟೆ ಬಿಡಲು ಟೈಲರಿಗೆ ಹೇಳಿ. ಅಗತ್ಯ ಬಿದ್ದಾಗ ಒಂದೊಂದೇ ಹೊಲಿಗೆ ಬಿಚ್ಚುತ್ತಾ ಹೋಗಬಹುದು. ಹುಕ್ಕು ಮುಂದೆಯೇ ಇರಲಿ. ಅದೇ ರವಿಕೆ ಹೆರಿಗೆಯ ಬಳಿಕ ಮಗುವಿಗೆ ಹಾಲುಣಿಸಲೂ ಒದಗುತ್ತದೆ. ಹಿಂದೆ ಹುಕ್ಕು ಇರುವ ರವಿಕೆಗಳನ್ನು ಒಂದೆರಡು ವರ್ಷ ಪೆಟ್ಟಿಗೆಯಲ್ಲಿಡುವುದೇ ಲೇಸು.

ಬ್ರಾ ಅಳತೆಯನ್ನು ಬಸುರಿನ ಅವಧಿಯಲ್ಲಿ ಎರಡು ಮೂರು ಬಾರಿಯಾದರೂ ಹೊಸದಾಗಿ ನೋಡಬೇಕಾಗುತ್ತದೆ. ಹಳೆಯ ಅಳತೆಯನ್ನೇ ಬಿಗಿದುಕೊಂಡರೆ ಭುಜ, ಬೆನ್ನು ನೋಯುತ್ತವೆ. ಹತ್ತಿಯದು, ಅಗಲ ಪಟ್ಟಿಯದು ಆಯ್ದುಕೊಳ್ಳಿ. ಕೊನೆಯ ತಿಂಗಳಲ್ಲಿ ಕೊಳ್ಳುವುದಾದರೆ ಹಾಲುಣಿಸಲು ಅನುಕೂಲವಾದದ್ದನ್ನೇ ಕೊಂಡರೆ ಎರಡು ಖರ್ಚು ಉಳಿಯುತ್ತದೆ.

ಕರಾವಳಿಯ ಸೆಕೆ ಮತ್ತು ಮಳೆ

ಬಸುರಿಯ ಮೈ ಸಾಮಾನ್ಯರಿಗಿಂತ ಹೆಚ್ಚು ಬಿಸಿ. ಅದರ ಮೇಲೆ ನಮ್ಮ ಏಪ್ರಿಲ್, ಮೇ ತಿಂಗಳ ಬೆವರು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೆವರನ್ನು ಹೀರುವುದಿಲ್ಲ. ಎದೆಯ ಕೆಳಗೆ, ತೊಡೆಯ ಸಂದಿಯಲ್ಲಿ ಬೆವರುಸಾಲೆ, ಹುಳುಕಡ್ಡಿ ಹುಟ್ಟುವುದು ಹೀಗೆ. ಹತ್ತಿಯ ನೈಟಿ, ಸಡಿಲ ಕುರ್ತಾ, ಹತ್ತಿ ಸೀರೆ ಉತ್ತಮ. ಹುಳುಕಡ್ಡಿಗೆ ಅಂಗಡಿಯಿಂದ ಸಿಕ್ಕ ಮುಲಾಮು ಹಚ್ಚದೆ ವೈದ್ಯರಿಗೆ ತೋರಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಷ್ಟ ಬೇರೆ. ಬಟ್ಟೆ ಒಣಗುವುದೇ ಇಲ್ಲ. ಅರೆ ಒಣಗಿದ ಒಳ ಉಡುಪು ತೊಡಲೇಬಾರದು. ಹೊರ ಉಡುಪು ಒಂದು ಕಡಿಮೆಯಾದರೂ ಚಿಂತೆಯಿಲ್ಲ, ಒಳ ಉಡುಪು ಎರಡು ಜೊತೆ ಹೆಚ್ಚಿರಲಿ. ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿಸಿ ಪೂರ್ತಿ ಒಣಗಿಸಿಯೇ ತೊಡಿ.

ಎಷ್ಟು ಬೇಕು, ಎಲ್ಲಿಂದ?

ಬಸುರಿಯರಿಗೆಂದೇ ಮಾರುವ ಉಡುಪುಗಳು ಈಗ ಪೇಟೆಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಆದರೆ ಕೆಲವೇ ತಿಂಗಳ ಬಳಕೆಗೆ ಹೆಚ್ಚು ಹಣ ಸುರಿಯಬೇಕಾಗಿಲ್ಲ. ಮನೆಗೆ ಮೂರು ನಾಲ್ಕು ನೈಟಿ, ಹೊರಗೆ ಹೋಗಲು ಮೂರು ಸಡಿಲ ಕುರ್ತಾ, ಹೊಟ್ಟೆಯ ಭಾಗದಲ್ಲಿ ಇಲಾಸ್ಟಿಕ್ ಇರುವ ಎರಡು ಪ್ಯಾಂಟು, ಸಮಾರಂಭಕ್ಕೆ ಒಂದು ಹಗುರ ಸೀರೆ. ಇಷ್ಟಿದ್ದರೆ ಬಹುಮಟ್ಟಿಗೆ ಸಾಕು. ಗಂಡನ ಹಳೆಯ ಹತ್ತಿ ಅಂಗಿಯೂ ಮನೆಯಲ್ಲಿ ಒದಗುತ್ತದೆ.

ಏಳನೆಯ ತಿಂಗಳಲ್ಲಿ ಹೂ ಮುಡಿಸುವ ಸಂಪ್ರದಾಯ ನಮ್ಮ ಅನೇಕ ಮನೆಗಳಲ್ಲಿದೆ. ಅಂದಿನ ರವಿಕೆಗೆ ಒಂದು ತಿಂಗಳು ಮೊದಲೇ ಅಳತೆ ಕೊಟ್ಟರೆ ಅದು ಆ ದಿನಕ್ಕೆ ಹಿಡಿಯದೆ ಹೋಗಬಹುದು. ವಾರದ ಮೊದಲು ಇನ್ನೊಮ್ಮೆ ತೊಟ್ಟು ನೋಡಿ. ಉಡುಗೊರೆ ಕೊಡುವ ನೆಂಟರಿಗೂ ಒಂದು ಮಾತು: ಭಾರದ ರೇಷ್ಮೆ ಸೀರೆಯ ಜೊತೆಗೆ ಎರಡು ಒಳ್ಳೆಯ ಹತ್ತಿ ನೈಟಿ ಕೊಟ್ಟರೆ ಅವಳು ದಿನವೂ ನಿಮ್ಮನ್ನು ನೆನೆಯುತ್ತಾಳೆ.

ಕಾಲು, ಕೈ ಮತ್ತು ಪ್ರಯಾಣ

ಕೀಲುಗಳ ಕಟ್ಟು ಸಡಿಲವಾಗುವುದರಿಂದಲೂ ನೀರು ತುಂಬುವುದರಿಂದಲೂ ಪಾದ ಅಗಲವಾಗುತ್ತದೆ. ದೇಹದ ಭಾರ ಮುಂದಕ್ಕೆ ಬಂದು ಬೆನ್ನು ಬಾಗುತ್ತದೆ. ಎತ್ತರದ ಹಿಮ್ಮಡಿ ಬೇಡ. ಮಳೆಗಾಲದಲ್ಲಿ ಸವೆದ ಚಪ್ಪಲಿಯಿಂದ ಪಾಚಿ ಹಿಡಿದ ಅಂಗಳದಲ್ಲಿ ಜಾರುವ ಅಪಾಯವಿದೆ. ಹಿಂದೆ ಪಟ್ಟಿ ಇರುವ, ಅಡಿ ಜಾರದ ಚಪ್ಪಲಿ ಕೊಳ್ಳಿ.

ಬೆರಳು ಊದುವ ಮುನ್ನವೇ ಮದುವೆಯ ಉಂಗುರವನ್ನು ತೆಗೆದಿಡಿ. ತೆಗೆಯಲು ಮನಸ್ಸಾಗದವರು ಅದನ್ನು ಕೊರಳ ಸರಕ್ಕೆ ಪೋಣಿಸಿಕೊಳ್ಳಬಹುದು. ಕೊನೆಗೆ ಅದನ್ನು ಕತ್ತರಿಸಬೇಕಾಗಿ ಬರುವ ನೋವಿಗಿಂತ ಇದು ಲೇಸು.

ಕಾರಿನಲ್ಲಿ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆಯ ಮೇಲ್ಭಾಗದಲ್ಲಿ ಹಾದುಹೋಗಬೇಕು. ಮೇಲ್ಪಟ್ಟಿ ಎದೆಯ ನಡುವಿನಿಂದ ಬರಬೇಕು. ದ್ವಿಚಕ್ರ ವಾಹನದಲ್ಲಿ ಹೋಗಲೇಬೇಕಾದರೆ ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಚರ್ಚಿನಲ್ಲಿ ಮೊಣಕಾಲೂರಲು, ಬಹಳ ಹೊತ್ತು ನಿಲ್ಲಲು ಕಷ್ಟವಾದರೆ ಕುಳಿತುಕೊಳ್ಳಿ. ತುಂಬು ಬಸುರಿ ಕುಳಿತದ್ದನ್ನು ಯಾರೂ ತಪ್ಪೆಂದು ಎಣಿಸಬಾರದು.

ಬಟ್ಟೆ ಬಿಗಿಯಾದುದು ಎಚ್ಚರಿಕೆಯಾದಾಗ

ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿ, ಮಲಗಿ ಎದ್ದಾಗ ಇಳಿಯುವುದು ಸಾಮಾನ್ಯ. ಆದರೆ ಒಮ್ಮೆಗೇ ಮುಖ, ಕೈ ಊದಿ ಬಳೆ ಬಿಗಿಯಾದರೆ, ಜೊತೆಗೆ ಬಲವಾದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಅದು ರಕ್ತದೊತ್ತಡ ಏರಿದ ಲಕ್ಷಣವಾಗಿರಬಹುದು. ಒಂದೇ ಕಾಲು ಊದಿ ನೋಯುವುದೂ ಅಪಾಯದ ಸೂಚನೆ. ನಾಳೆಗೆಂದು ತಳ್ಳದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನಾಲಿಗೆಯ ಮೇಲೆ ಹಿಡಿತವಿರಲಿ

ಹೊಟ್ಟೆಯ ಮೇಲೆ ಸೀಳುಗೆರೆ, ಹೊಕ್ಕುಳಿನಿಂದ ಕೆಳಕ್ಕೆ ಕಪ್ಪು ರೇಖೆ, ಮುಖದಲ್ಲಿ ಕಂದು ಮಚ್ಚೆ ಮೂಡುವುದು ಸಹಜ. ರೇಖೆ, ಮಚ್ಚೆ ಹೆಚ್ಚಾಗಿ ಹೆರಿಗೆಯ ಬಳಿಕ ಮಾಸುತ್ತವೆ. ಸೀಳುಗೆರೆ ತಿಳಿಯಾಗುತ್ತದೆ, ಪೂರ್ತಿ ಹೋಗದೆ ಇರಬಹುದು. ಕನ್ನಡಿಯ ಮುಂದೆ ನಿಂತಾಗ ‘ಇದು ನಾನೇನಾ?’ ಎನಿಸುವುದೂ ಸಹಜವೇ. ಆಗ ‘ಎಷ್ಟು ದಪ್ಪ ಆಗಿದ್ದೀಯಾ’, ‘ಹೊಟ್ಟೆ ಇಷ್ಟೇನಾ?’ ಎಂಬ ಮಾತುಗಳು ಮನಸ್ಸಿಗೆ ನಾಟುತ್ತವೆ. ಪ್ರೀತಿಯಿಂದ ಹೇಳಿದರೂ ನೋವು ನೋವೇ. ಅದರ ಬದಲು ‘ಹೇಗಿದ್ದೀ ಮಗಾ, ನಿದ್ದೆ ಬರುತ್ತದಾ?’ ಎಂದು ಕೇಳಿ. ಬೇಸರ, ಅಳು ಎರಡು ವಾರ ಮೀರಿ ಉಳಿದರೆ ತಪಾಸಣೆಯ ವೇಳೆ ವೈದ್ಯರಿಗೆ ಅದನ್ನೂ ಹೇಳಬೇಕು.

ಹೆರಿಗೆಯ ಮರುದಿನವೇ ಹಳೆಯ ಬಟ್ಟೆ ಹಿಡಿಯುವುದಿಲ್ಲ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ತೂಕ ಇಳಿಯಲು ತಿಂಗಳುಗಳೇ ಬೇಕು. ಆಸ್ಪತ್ರೆಯಿಂದ ಮನೆಗೆ ಬರುವ ದಿನಕ್ಕೆ ಆರನೆಯ ತಿಂಗಳಲ್ಲಿ ತೊಟ್ಟ ಸಡಿಲ ಬಟ್ಟೆಯನ್ನೇ ಚೀಲದಲ್ಲಿಡಿ. ಹೊಟ್ಟೆಗೆ ಬಟ್ಟೆ ಬಿಗಿಯುವ ರೂಢಿಯಿರುವ ಮನೆಯವರು, ಅದರಲ್ಲೂ ಸಿಸೇರಿಯನ್ ಆಗಿದ್ದರೆ, ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಹಂಚಿಕೊಂಡರೆ ಹಗುರ

ಒಬ್ಬರ ಕಪಾಟಿನಲ್ಲಿ ಮಡಚಿಟ್ಟ ಬಸುರಿನ ಬಟ್ಟೆ ಇನ್ನೊಬ್ಬರಿಗೆ ಇಂದೇ ಬೇಕಾಗಿರುತ್ತದೆ. ಪ್ರತಿ ವಾರ್ಡಿನ ಸ್ತ್ರೀ ಸಂಘಟನೆಯವರು ಒಂದು ಪೆಟ್ಟಿಗೆ ಇಟ್ಟುಕೊಳ್ಳಬಹುದು. ಒಗೆದು, ಇಸ್ತ್ರಿ ಮಾಡಿ, ಅಳತೆ ಬರೆದು ಇಟ್ಟರೆ ಸಾಕು. ಒಳ ಉಡುಪು ಮಾತ್ರ ಹೊಸದೇ ಇರಲಿ. ಪಡೆದವರ ಹೆಸರು ಸಭೆಯಲ್ಲಿ ಹೇಳುವುದು ಬೇಡ. ಮಗುವನ್ನು ಕಳೆದುಕೊಂಡ ತಾಯಿಯ ಬಳಿ ಬಟ್ಟೆ ಕೇಳುವುದು ಬೇಡ. ಅವರಾಗಿ ಕೊಟ್ಟರೆ ಮೌನವಾಗಿ, ಗೌರವದಿಂದ ತೆಗೆದುಕೊಳ್ಳಿ.

ಮುಂದಿನ ಭಾನುವಾರ ಯಾವ ತಾಯಿಯೂ ‘ತೊಡಲು ಏನೂ ಇಲ್ಲ’ ಎಂಬ ಕಾರಣಕ್ಕೆ ಮನೆಯಲ್ಲಿ ಉಳಿಯದಿರಲಿ.