ಪಾಪವೋ, ರೋಗವೋ?

ಗುರುಮಠದ ತರಗತಿಯಲ್ಲಿ ದೈವಶಾಸ್ತ್ರದ ಜೊತೆಗೆ ಮನಶ್ಶಾಸ್ತ್ರವೂ ಏಕೆ ಬೇಕಾಯಿತು?

ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯು ಮೈಸೂರು ಸೀಮೆಯ ಕ್ರೈಸ್ತರಿಗೆ ಮಾತ್ರವಲ್ಲದೆ ಸುತ್ತಣ ಹಳ್ಳಿಗಳ ಇತರ ಮತಸ್ಥರಿಗೂ ಪರಿಚಿತವಾದ ಯಾತ್ರಾಸ್ಥಳ. ಸಂತ ಅಂತೋನಿಯವರ ಹೆಸರಿನ ಅಲ್ಲಿಯ ದೇವಾಲಯಕ್ಕೆ 2019ರಲ್ಲಿ ಬಸಿಲಿಕದ ಪದವಿ ದೊರೆಯಿತು. ಜೂನ್ 13 ಈ ಸಂತರ ಹಬ್ಬದ ದಿನ. ಕಳೆದುಹೋದ ವಸ್ತುಗಳನ್ನು ದೊರಕಿಸಿಕೊಡುವ ಸಂತರೆಂದು ಅಂತೋನಿಯವರಿಗೆ ಲೋಕಪ್ರಸಿದ್ಧಿ. ಒಡವೆ ಕಳೆದುಕೊಂಡವರು ಬರುವ ಬಾಗಿಲಿಗೇ ನಿದ್ರೆ ಕಳೆದುಕೊಂಡವರೂ ನೆಮ್ಮದಿ ಕಳೆದುಕೊಂಡವರೂ ಬರುವುದು ಸಹಜ.

ಇಂಥವರ ಅಳಲನ್ನು ಮೊದಲು ಕೇಳುವವರು ಅನೇಕ ವೇಳೆ ವೈದ್ಯರಲ್ಲ. ಧರ್ಮಕೇಂದ್ರದ ಗುರುಗಳು, ಕನ್ಯಾಸ್ತ್ರೀಯರು, ಪ್ರಾಟೆಸ್ಟಂಟರಲ್ಲಾದರೆ ಸಭಾಪಾಲಕರು. ‘ತಿಂಗಳಿಂದ ಕಣ್ಣಿಗೆ ನಿದ್ದೆಯಿಲ್ಲ ಫಾದರ್, ದೇವರು ನನ್ನ ಕೈಬಿಟ್ಟಿದ್ದಾನೆ’ ಎಂದು ಗೃಹಿಣಿಯೊಬ್ಬಳು ಕಣ್ಣೀರಿಟ್ಟರೆ ಗುರು ಏನು ಮಾಡಬೇಕು? ಪ್ರಾರ್ಥಿಸಿ ಆಶೀರ್ವದಿಸಿ ಕಳುಹಿಸಬೇಕೇ? ಮೈಸೂರಿನ ಆಸ್ಪತ್ರೆಗೆ ಹೋಗೆನ್ನಬೇಕೇ? ಆಕೆಯ ನೋವು ಆತ್ಮದ್ದೋ, ಮನಸ್ಸಿನದ್ದೋ? ಈ ಒಂದು ಪ್ರಶ್ನೆಯ ಸುತ್ತಲೇ ಮನಶ್ಶಾಸ್ತ್ರವೂ ಕ್ರೈಸ್ತ ದೈವಶಾಸ್ತ್ರವೂ ಒಂದೇ ವಿದ್ಯಾರ್ಥಿಯ ಮೇಜಿನ ಮೇಲೆ ಬಂದು ಸೇರಿವೆ.

ಎರಡು ಶಾಸ್ತ್ರಗಳ ನಂಟು

ಮೈಸೂರಿಗೆ ಮನಶ್ಶಾಸ್ತ್ರ ಹೊಸದಲ್ಲ. ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವನ್ನೇ ತೆರೆದರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಇವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, 1974ರಲ್ಲಿ ಅದು ನಿಮ್ಹಾನ್ಸ್ ಎಂಬ ರೂಪ ತಳೆಯಿತು. ಅದೇ ನಗರದಲ್ಲಿ 1910ರಿಂದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಪ್ರಾಟೆಸ್ಟಂಟ್ ಸಭಾಪಾಲಕರನ್ನು ತರಬೇತುಗೊಳಿಸುತ್ತಿದೆ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠ ಕಥೋಲಿಕ ಗುರುಗಳನ್ನು ರೂಪಿಸುತ್ತಿದೆ. ಹೀಗೆ ಎರಡು ವಿದ್ಯೆಗಳೂ ಅಕ್ಕಪಕ್ಕದ ಬೀದಿಗಳಲ್ಲಿ ಬೆಳೆದವು. ಆದರೆ ಅವುಗಳ ಮೊದಲ ಭೇಟಿ ಸುಗಮವಾಗಿರಲಿಲ್ಲ.

ಅಮೆರಿಕದ ವಿಲಿಯಂ ಜೇಮ್ಸ್ 1901–02ರಲ್ಲಿ ಎಡಿನ್‌ಬರೋದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಭಕ್ತರ ಅನುಭವಗಳನ್ನು ಗೌರವದಿಂದಲೇ ಪರಿಶೀಲಿಸಿದನು. ಫ್ರಾಯ್ಡ್ ಮಾತ್ರ 1927ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧರ್ಮವನ್ನು ಒಂದು ಭ್ರಮೆಯೆಂದು ಸಾರಿದನು. ಮರುವರ್ಷವೇ ಅದಕ್ಕೆ ಉತ್ತರವಿತ್ತವನು ಆಸ್ಕರ್ ಫಿಸ್ಟರ್. ಈತ ಸ್ವಿಟ್ಜರ್ಲೆಂಡಿನ ಪಾದ್ರಿಯೂ ಹೌದು, ಮನೋವಿಶ್ಲೇಷಕನೂ ಹೌದು. ಸೋಜಿಗವೆಂದರೆ ಈ ವಾದದಿಂದ ಅವರ ಸ್ನೇಹ ಕೆಡಲಿಲ್ಲ. ಫ್ರಾಯ್ಡನ ಕೊನೆಯ ವರ್ಷಗಳವರೆಗೂ ಪತ್ರವ್ಯವಹಾರ ನಡೆದೇ ಇತ್ತು. ಕಡೆಗೆ ಕಥೋಲಿಕ ಧರ್ಮಸಭೆಯೂ ದ್ವಿತೀಯ ವ್ಯಾಟಿಕನ್ ಮಹಾಸಭೆಯ 1965ರ ದಸ್ತಾವೇಜಿನಲ್ಲಿ, ಜನರ ಆಧ್ಯಾತ್ಮಿಕ ಪಾಲನೆಗೆ ದೈವಶಾಸ್ತ್ರದೊಡನೆ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳ ಫಲಿತಾಂಶಗಳನ್ನೂ ಬಳಸಿಕೊಳ್ಳಬೇಕೆಂದು ವಿಧಿಸಿತು.

ಸಂತನನ್ನು ಕಾಡಿದ ಗೀಳು

ಈ ವ್ಯಾಸಂಗದ ಪ್ರಯೋಜನ ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ವಿಚಿತ್ರವಾದ ಸಂಕಟಕ್ಕೆ ಒಳಗಾದನು. ತನ್ನ ಪಾಪಗಳೆಲ್ಲವನ್ನೂ ನಿವೇದಿಸಿದ ಮೇಲೂ ಯಾವುದೋ ಒಂದು ಉಳಿದುಹೋಯಿತೆಂಬ ಶಂಕೆ! ಮತ್ತೆ ನಿವೇದನೆ, ಮತ್ತೆ ಶಂಕೆ. ಬದುಕೇ ಬೇಡವೆನಿಸುವಷ್ಟು ಯಾತನೆ. ಹಳೆಯ ಪಾಪಗಳನ್ನು ಇನ್ನು ಎಂದಿಗೂ ನಿವೇದಿಸೆನೆಂದು ನಿರ್ಧರಿಸಿದ ದಿನ ಆತನಿಗೆ ಬಿಡುಗಡೆಯಾಯಿತು.

ಇಂದಿನ ವೈದ್ಯರು ಇಂಥ ಸಂಕಟವನ್ನು ಗೀಳುರೋಗದ ಒಂದು ಬಗೆಯೆಂದು ಗುರುತಿಸುತ್ತಾರೆ. ಕೈ ತೊಳೆದಷ್ಟೂ ಕೊಳೆ ಹೋಗಲಿಲ್ಲವೆಂದು ತೋರುವಂತೆಯೇ, ಕ್ಷಮೆ ದೊರೆತಷ್ಟೂ ದೊರೆಯಲಿಲ್ಲವೆಂದು ತೋರುತ್ತದೆ. ಭೀತಿಯನ್ನು ಎದುರಿಸುತ್ತಲೇ ಆ ಕ್ರಿಯೆಯನ್ನು ಪುನರಾವರ್ತಿಸದಂತೆ ಅಭ್ಯಾಸ ಮಾಡಿಸುವುದು, ಅಗತ್ಯವಾದರೆ ಔಷಧಿ ಕೊಡುವುದು ಇದರ ಚಿಕಿತ್ಸೆ. ಒಂದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸಗೊಡದ ಅನುಭವಿ ಗುರುಗಳ ಹಳೆಯ ಪದ್ಧತಿಗೂ ಈ ಚಿಕಿತ್ಸೆಗೂ ಎಷ್ಟೊಂದು ಹೋಲಿಕೆ! ಇದನ್ನರಿಯದ ಗುರು, ವಾರಕ್ಕೆ ಮೂರು ಸಲ ಪಾಪನಿವೇದನೆಗೆ ಬರುವ ಹುಡುಗನನ್ನು ಪರಮಭಕ್ತನೆಂದು ಹೊಗಳಿ ಅವನ ರೋಗವನ್ನೇ ಬೆಳೆಸಿಬಿಡಬಹುದು. ಅರಿತ ಗುರು ಅವನನ್ನು ಮನೋವೈದ್ಯರಲ್ಲಿಗೆ ಕಳುಹಿಸುತ್ತಾನೆ.

ಆದರೆ ಪಾಪಪ್ರಜ್ಞೆಯೆಲ್ಲವೂ ರೋಗವಲ್ಲ. ತಮ್ಮನ ಪಾಲಿನ ಜಮೀನನ್ನು ಕಬಳಿಸಿದವನಿಗೆ ರಾತ್ರಿ ನಿದ್ರೆ ಬಾರದಿದ್ದರೆ ಅವನಿಗೆ ಬೇಕಾದದ್ದು ನಿದ್ರೆಯ ಮಾತ್ರೆಯಲ್ಲ. ಜಮೀನನ್ನು ಹಿಂದಿರುಗಿಸಬೇಕು, ಕ್ಷಮೆ ಕೇಳಬೇಕು. ರೋಗವನ್ನು ಪಾಪವೆನ್ನದಂತೆ ಮನಶ್ಶಾಸ್ತ್ರ ತಡೆಯುತ್ತದೆ. ಪಾಪವನ್ನು ರೋಗವೆಂದು ತೇಲಿಸಿಬಿಡದಂತೆ ದೈವಶಾಸ್ತ್ರ ಎಚ್ಚರಿಸುತ್ತದೆ. ವಿದ್ಯಾರ್ಥಿ ಕಲಿಯಬೇಕಾದ ವಿವೇಕವೆಲ್ಲ ಇಷ್ಟರಲ್ಲಿದೆ.

ಬದಲಾದ ಶಾಸನ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಹೊಗೆಸೊಪ್ಪಿನ ಸೀಮೆ. ಹರಾಜಿನಲ್ಲಿ ಬೆಲೆ ಕುಸಿದರೆ ಸಾಲ ಹೊತ್ತ ಬೆಳೆಗಾರನ ಮನೆಯಲ್ಲಿ ದೀಪ ಮಂಕಾಗುತ್ತದೆ. 2015ರಲ್ಲಿ ರಾಜ್ಯದ ಅನೇಕ ರೈತರು ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಸಾಲವೊಂದೇ ಕಾರಣವೆಂದು ಹೇಳಲಾಗದಿದ್ದರೂ, ಅದರ ಜೊತೆಗೆ ಖಿನ್ನತೆಯೂ ಅವಮಾನದ ಭಯವೂ ಸೇರಿದರೆ ಮನುಷ್ಯನ ವಿವೇಚನೆಗೆ ಮಂಜು ಕವಿಯುತ್ತದೆ.

ಹಾಗೆ ಪ್ರಾಣ ನೀಗಿಕೊಂಡವನಿಗೆ ಕ್ರೈಸ್ತ ಸಂಸ್ಕಾರ ಉಂಟೇ? ಕಥೋಲಿಕರ 1917ರ ಧರ್ಮಸಂಹಿತೆಯು, ತಿಳಿದೂ ತಿಳಿದು ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಹೊಸ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥವು ಆತ್ಮಹತ್ಯೆಯನ್ನು ತಪ್ಪೆಂದೇ ಹೇಳಿದರೂ, ತೀವ್ರವಾದ ಮನಃಕ್ಷೋಭೆ, ಯಾತನೆ, ಭಯಗಳು ಮನುಷ್ಯನ ಹೊಣೆಗಾರಿಕೆಯನ್ನು ಕುಗ್ಗಿಸಬಲ್ಲವೆಂದು ಒಪ್ಪಿತು; ಅಂಥವರ ಮೋಕ್ಷದ ಬಗ್ಗೆ ಆಸೆ ಬಿಡಬಾರದೆಂದೂ ತಿಳಿಸಿತು. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಇದೇ ಹಾದಿ ಹಿಡಿದು, ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಒತ್ತಡಕ್ಕೆ ಸಿಲುಕಿದವನೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ನೀಡಬೇಕೆಂದಿತು. ಮನಸ್ಸಿನ ಕುರಿತಾದ ತಿಳಿವಳಿಕೆ ಇಗರ್ಜಿಯನ್ನೂ ನ್ಯಾಯಾಲಯವನ್ನೂ ಕರುಣೆಯ ಕಡೆಗೆ ಒಂದು ಹೆಜ್ಜೆ ನಡೆಸಿತೆನ್ನಬಹುದು. ಮನೆಯವನನ್ನು ಕಳೆದುಕೊಂಡ ತಾಯಿಗೆ, ಹೆಂಡತಿಗೆ ಈ ಒಂದು ಹೆಜ್ಜೆಯ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಗುಟ್ಟಿನ ಎಲ್ಲೆ

ಎರಡು ಶಾಸ್ತ್ರಗಳೂ ಒಪ್ಪದ ಎಡೆಗಳೂ ಉಂಟು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಕಥೋಲಿಕ ಗುರು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಆಪ್ತಸಮಾಲೋಚಕನೂ ಗುಟ್ಟು ಕಾಯಬೇಕಾದವನೇ. ಆದರೆ ಎದುರಿಗಿರುವವನ ಪ್ರಾಣಕ್ಕೆ ಅಪಾಯವಿದ್ದರೆ ಮನೆಯವರಿಗೋ ವೈದ್ಯರಿಗೋ ತಿಳಿಸುವುದು ಅವನ ಕರ್ತವ್ಯ. ಎರಡೂ ಪಾತ್ರಗಳು ಒಬ್ಬನಲ್ಲೇ ಸೇರಿದಾಗ ಏನು ಗತಿ? ‘ಇದನ್ನು ನಿವೇದನೆಯ ಹೊರಗೆ ಇನ್ನೊಮ್ಮೆ ಹೇಳಿಕೋ, ವೈದ್ಯರಲ್ಲಿಗೆ ನಿನ್ನ ಜೊತೆ ನಾನೂ ಬರುತ್ತೇನೆ’ ಎಂದು ಗುರು ಒತ್ತಾಯಿಸಬಹುದೇ ಹೊರತು ಅದಕ್ಕಿಂತ ಮುಂದೆ ಹೋಗಲಾರ. ಈ ಸಂದಿಗ್ಧ ಪುಸ್ತಕದಲ್ಲಿ ಓದಿದಷ್ಟು ಸುಲಭವಲ್ಲ.

ಧರ್ಮವೂ ಮನೋವಿಜ್ಞಾನವೂ ಕೂಡಿ ಕಲಿಯುವ ಪ್ರಯತ್ನ ಕ್ರೈಸ್ತರಿಗೆ ಮಾತ್ರ ಮೀಸಲಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸೆರಾ ಮಠದ ಟಿಬೆಟನ್ ಭಿಕ್ಷುಗಳು ಮನಸ್ಸನ್ನು ಕುರಿತ ತಮ್ಮ ಪ್ರಾಚೀನ ಗ್ರಂಥಗಳೊಡನೆ ಅಮೆರಿಕದ ಎಮರಿ ವಿಶ್ವವಿದ್ಯಾನಿಲಯದ ನೆರವಿನಿಂದ ನರವಿಜ್ಞಾನವನ್ನೂ ಅಭ್ಯಸಿಸುತ್ತಿದ್ದಾರೆ.

ಇಂದು ನೊಂದವರಿಗೆ ಸಹಾಯ ಹಿಂದಿಗಿಂತ ಹತ್ತಿರವಾಗಿದೆ. 2022ರಲ್ಲಿ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಆ ಸಂಖ್ಯೆಯನ್ನು ಒತ್ತುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ‘ಇದು ದೇವರ ಶಾಪವಲ್ಲ, ವಾಸಿಯಾಗುವ ಕಾಯಿಲೆ’ ಎಂದು ಬಾಯಿಬಿಟ್ಟು ಹೇಳುವ, ಜನ ನಂಬುವ ಒಬ್ಬರು ಊರಿನಲ್ಲಿರಬೇಕು. ಅಂಥವರೊಬ್ಬರನ್ನು ಸಿದ್ಧಗೊಳಿಸಿದರೆ ಸಾಕು, ಗುರುಮಠದಲ್ಲಿ ಕಳೆದ ವರ್ಷಗಳು ಸಾರ್ಥಕ.