ಓಕ್ ಮರದ ಮರೆಯಲ್ಲಿ ಅಗಾವೆ

ವಿಸ್ಕಿಗೆ ಬೇಕಾದ ಬಾರ್ಲಿ ಕೆಲವೇ ತಿಂಗಳಲ್ಲಿ ಕಟಾವಿಗೆ ಬರುತ್ತದೆ. ರಮ್ಮಿನ ಕಬ್ಬಿಗೆ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ಟಕೀಲಾದ ನೀಲಿ ಅಗಾವೆ ಮಾತ್ರ ಆರೇಳು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹೊಲದಲ್ಲೇ ನಿಂತಿರುತ್ತದೆ. ಬಾಟಲಿಯ ಮೇಲೆ ‘ಅನ್ಯೆಹೊ’ ಎಂದಿದ್ದರೆ ಅದು ಪೀಪಾಯಿಯಲ್ಲಿ ಕಳೆದ ಕಾಲದ ಲೆಕ್ಕವಷ್ಟೇ. ಮಣ್ಣಿನಲ್ಲಿ ಕಳೆದ ವರ್ಷಗಳು ಲೇಬಲ್ಲಿಗೆ ಬರುವುದಿಲ್ಲ. ಪೀಪಾಯಿಯಲ್ಲಿ ಮಾಗಿದ ಒಳ್ಳೆಯ ಟಕೀಲಾವನ್ನು ಸವಿಯುವುದೆಂದರೆ, ನನ್ನ ಮಟ್ಟಿಗೆ, ಆ ವರ್ಷಗಳನ್ನು ಹುಡುಕುವುದು. ಮರದ ಘಮ ಯಾರ ಮೂಗಿಗೂ ಸಿಗುತ್ತದೆ. ಮರದ ಹಿಂದೆ ಗಿಡ ಇನ್ನೂ ಉಳಿದಿದೆಯೇ ಎಂಬುದೇ ಪ್ರಶ್ನೆ.

ಈ ಗಿಡದ ಊರು ಮೆಕ್ಸಿಕೊದ ಹಲಿಸ್ಕೊ ರಾಜ್ಯ. ಟಕೀಲಾ ಎಂಬ ಹೆಸರಿಗೆ 1974ರಿಂದ ಕಾನೂನಿನ ರಕ್ಷಣೆಯಿದೆ. ಹಲಿಸ್ಕೊ ಇಡಿಯಾಗಿ ಮತ್ತು ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗಗಳಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು. ಟಕೀಲಾ ಪಟ್ಟಣದ ಸುತ್ತಲಿನ ಅಗಾವೆ ಹೊಲಗಳು, ಹಳೆಯ ಭಟ್ಟಿಗಳು 2006ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಪಟ್ಟಣದ ಪಕ್ಕದ ಕಣಿವೆಯಲ್ಲಿ ಬೆಳೆದ ಅಗಾವೆಗೆ ಸೊಪ್ಪಿನ, ಮಣ್ಣಿನ, ಮೆಣಸಿನ ಗುಣ ಹೆಚ್ಚು ಎನ್ನುತ್ತಾರೆ. ಅರಾಂದಾಸ್ ಕಡೆಯ ಎತ್ತರದ ಕೆಂಪು ನೆಲದ್ದು ಸಿಹಿ, ಹೂವಿನ ವಾಸನೆಯದ್ದು.

ಕಟಾವು ಮಾಡುವವನನ್ನು ಹಿಮದೋರ್ ಎನ್ನುತ್ತಾರೆ. ಉದ್ದ ಹಿಡಿಯ ತುದಿಗೆ ದುಂಡನೆಯ ಹರಿತ ಅಲಗು ಇರುವ ‘ಕೊಆ’ ಅವನ ಆಯುಧ. ಗಿಡವನ್ನು ಬುಡದಿಂದ ಉರುಳಿಸಿ, ಕಾಲಿನಲ್ಲಿ ಒತ್ತಿ ಹಿಡಿದು, ಮುಳ್ಳಿನ ಎಲೆಗಳನ್ನು ಒಂದೊಂದೇ ಸವರುತ್ತಾ ಹೋಗುತ್ತಾನೆ. ಕೊನೆಗೆ ಉಳಿಯುವುದು ದೊಡ್ಡ ಅನಾನಸ್ ಹಣ್ಣಿನಂತೆ ಕಾಣುವ ತಿರುಳು, ‘ಪಿನ್ಯಾ’. ಒಂದೊಂದೂ ಮೂವತ್ತು ನಲವತ್ತು ಕಿಲೊ, ಕೆಲವು ಅದರ ದುಪ್ಪಟ್ಟು. ಎಲೆಯ ಬುಡದ ಹಸಿರು ಜಾಸ್ತಿ ಉಳಿದರೆ ಮುಂದೆ ಕಹಿ ಇಳಿಯುತ್ತದೆ. ಎಷ್ಟು ಒತ್ತಾಗಿ ಸವರಬೇಕೆಂಬುದು ಅವನ ಕೈಗೆ ಬಿಟ್ಟದ್ದು. ಪೀಪಾಯಿಗೆ ಹೋಗುವ ಎಷ್ಟೋ ಮೊದಲೇ ರುಚಿಯ ಅರ್ಧ ತೀರ್ಮಾನ ಆಗಿಬಿಟ್ಟಿರುತ್ತದೆ.

ಪಿನ್ಯಾವನ್ನು ಇಟ್ಟಿಗೆಯ ಒಲೆಗಳಲ್ಲಿ ಒಂದೂವರೆ ಎರಡು ದಿನ ಹಬೆಯಲ್ಲಿ ಬೇಯಿಸುವುದು ಹಳೆಯ ಕ್ರಮ. ಅದರೊಳಗಿನ ಇನ್ಯುಲಿನ್ ಆಗ ಸಕ್ಕರೆಯಾಗುತ್ತದೆ. ಬೆಂದ ಅಗಾವೆಯ ಘಮ ಹೇಗಿರುತ್ತದೆಂದು ಕೇಳಿದವರಿಗೆ ನಾನು ಮಂಡ್ಯದ ಆಲೆಮನೆಯನ್ನು ನೆನಪಿಸುತ್ತೇನೆ: ಪಾಕ ಬೆಲ್ಲವಾಗುವ ಹೊತ್ತಿನ ಆ ದಟ್ಟ ಸಿಹಿ, ಜೊತೆಗೆ ಒಂದಿಷ್ಟು ಹಸಿ ನಾರಿನ ವಾಸನೆ. ಇಂದು ಒತ್ತಡದ ಪಾತ್ರೆಗಳಲ್ಲಿ ಬೇಗ ಬೇಯಿಸುವವರಿದ್ದಾರೆ. ಹಸಿ ತಿರುಳನ್ನೇ ತುರಿದು ಬಿಸಿನೀರಿನಲ್ಲಿ ಇನ್ಯುಲಿನ್ ತೊಳೆದುಕೊಳ್ಳುವ ಡಿಫ್ಯೂಸರ್ ಯಂತ್ರಗಳೂ ಬಂದಿವೆ. ಅಂಥವುಗಳಿಂದ ಇಳುವರಿ ಹೆಚ್ಚುತ್ತದೆ, ಆದರೆ ಆ ಬೆಂದ ಘಮ ಬಹುಪಾಲು ಸಿಗುವುದಿಲ್ಲ. ಬುಡದಲ್ಲಿ ಇಲ್ಲದ ರುಚಿಯನ್ನು ಪೀಪಾಯಿ ಎಷ್ಟು ವರ್ಷ ಕೂತರೂ ತಂದುಕೊಡಲಾರದು.

ಎರಡು ಬಾರಿ ಭಟ್ಟಿ ಇಳಿಸಿದ್ದನ್ನು ನೇರ ಬಾಟಲಿಗೆ ತುಂಬಿದರೆ ಬ್ಲಾಂಕೊ. ಓಕ್ ಮರದ ಸಂಗದಲ್ಲಿ ಕನಿಷ್ಠ ಎರಡು ತಿಂಗಳಿದ್ದರೆ ರೆಪೊಸಾದೊ. 600 ಲೀಟರ್ ಮೀರದ ಪೀಪಾಯಿಯಲ್ಲಿ ಕನಿಷ್ಠ ಒಂದು ವರ್ಷ ಕಳೆದದ್ದು ಅನ್ಯೆಹೊ. ಮೂರು ವರ್ಷ ದಾಟಿದ್ದಕ್ಕೆ ಎಕ್ಸ್‌ಟ್ರಾ ಅನ್ಯೆಹೊ ಎಂಬ ವರ್ಗ 2006ರಲ್ಲಿ ಬಂತು. ಬಹುಪಾಲು ಪೀಪಾಯಿಗಳು ಅಮೆರಿಕದ ಬೂರ್ಬನ್ ತಯಾರಕರು ಬಳಸಿ ಬಿಟ್ಟವು. ಬೂರ್ಬನ್ನಿಗೆ ಒಳಭಾಗ ಸುಟ್ಟ ಹೊಸ ಓಕ್ ಪಾತ್ರೆಯೇ ಬೇಕೆಂದು ಅಲ್ಲಿನ ಕಾನೂನು ಹೇಳುವುದರಿಂದ ಹಳೆಯವು ಮಾರಾಟಕ್ಕೆ ಸಿಗುತ್ತವೆ. ಬೆಂಕಿ ತಾಗಿದ ಮರದಿಂದ ವೆನಿಲ್ಲಾ, ಲವಂಗ, ಹುರಿದ ಕೊಬ್ಬರಿಯ ಘಮಗಳು ಇಳಿಯುತ್ತವೆ, ಬಣ್ಣ ಬರುತ್ತದೆ, ನಾಲಿಗೆಯ ಮೇಲಿನ ಖಾರ ಮೆತ್ತಗಾಗುತ್ತದೆ.

ಹವಾಮಾನದ ಆಟವನ್ನೂ ಮರೆಯುವಂತಿಲ್ಲ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಮದ್ಯ ಆವಿಯಾದರೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಸಿಂಗಲ್ ಮಾಲ್ಟ್ ವಿಸ್ಕಿ ಶೇ 10ಕ್ಕೂ ಹೆಚ್ಚು ಕಳೆದುಕೊಳ್ಳುತ್ತದೆ. ಅದಕ್ಕೇ ಅದು ಕೆಲವೇ ವರ್ಷಗಳಲ್ಲಿ ಮಾಗುತ್ತದೆ. ಹಲಿಸ್ಕೊ ಕೂಡ ಬೆಚ್ಚನೆಯ ನಾಡು. ಅಲ್ಲಿ ಮರ ಬೇಗ ಮೈಮೇಲೆ ಬರುತ್ತದೆ. ಹದಿನೆಂಟು ವರ್ಷದ ಸ್ಕಾಚ್ ಕಂಡು ರೂಢಿಯಾದವರಿಗೆ ಎರಡು ವರ್ಷದ ಟಕೀಲಾ ಎಳಸು ಅನ್ನಿಸಬಹುದು. ನನಗಂತೂ ಅನೇಕ ಎಕ್ಸ್‌ಟ್ರಾ ಅನ್ಯೆಹೊಗಳಿಗಿಂತ ಒಂದೂವರೆ ಎರಡು ವರ್ಷದ ಅನ್ಯೆಹೊ ಹೆಚ್ಚು ಇಷ್ಟ. ಐದು ವರ್ಷ ಕೂತದ್ದು ಎಷ್ಟೋ ಸಲ ಒಳ್ಳೆಯ ಬೂರ್ಬನ್ನಿನ ರುಚಿಯನ್ನೇ ಕೊಡುತ್ತದೆ. ಬೂರ್ಬನ್ ಬೇಕಿದ್ದರೆ ಬೂರ್ಬನ್ನೇ ಕೊಳ್ಳಬಹುದಲ್ಲ!

ಕೊಳ್ಳುವಾಗ ಮೊದಲು ನೋಡಬೇಕಾದದ್ದು ‘100% ಅಗಾವೆ’ ಎಂಬ ಬರಹ. ಅದಿಲ್ಲದಿದ್ದರೆ ಹುದುಗಿಸುವ ಸಕ್ಕರೆಯಲ್ಲಿ ಶೇ 49ರವರೆಗೆ ಬೇರೆ ಮೂಲದ್ದಿರಬಹುದು. ಹೆಸರಿನಲ್ಲಿರುವ ಅಂಕಿಯನ್ನು ವಯಸ್ಸೆಂದು ತಿಳಿಯುವುದು ಬೇಡ. ‘ಡಾನ್ ಹೂಲಿಯೊ 1942’ರಲ್ಲಿರುವುದು ಡಾನ್ ಹೂಲಿಯೊ ಗೊನ್ಸಾಲೆಸ್ ಟಕೀಲಾ ತಯಾರಿಕೆ ಶುರು ಮಾಡಿದ ವರ್ಷ, ಬಾಟಲಿಯೊಳಗಿನದ್ದಲ್ಲ. ಗಾಢ ಬಣ್ಣಕ್ಕೆ ಮರುಳಾಗುವುದೂ ಬೇಡ. ಮಾಗಿಸಿದ ಟಕೀಲಾಕ್ಕೆ ಕ್ಯಾರಮೆಲ್, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕಗಳನ್ನು ಶೇ 1ರ ಮಿತಿಯಲ್ಲಿ ಸೇರಿಸಲು ನಿಯಮದಲ್ಲೇ ಅವಕಾಶವಿದೆ. ಲೇಬಲ್ಲಿನಲ್ಲಿ ಹೇಳಬೇಕಾಗಿಯೂ ಇಲ್ಲ. ಕೇಕಿನ ಎಸೆನ್ಸಿನಂತೆ ವೆನಿಲ್ಲಾ ಮುಖಕ್ಕೇ ರಾಚಿದರೆ, ತುಟಿಗೆ ಅಂಟಂಟು ಹತ್ತಿದರೆ ನನಗೆ ಅನುಮಾನ ಶುರುವಾಗುತ್ತದೆ. ಕುಡಿದಿಟ್ಟ ಗ್ಲಾಸನ್ನು ತೊಳೆಯದೆ ಬಿಟ್ಟು, ಒಣಗಿದ ಮೇಲೆ ಮೂಸುವುದು ಪಳಗಿದವರ ಪದ್ಧತಿ. ಮದ್ಯಸಾರವೆಲ್ಲ ಹಾರಿಹೋಗಿರುವುದರಿಂದ ಬೆಂದ ಅಗಾವೆ ಉಳಿದಿದೆಯೋ ಬರೀ ಸಿಹಿ ಉಳಿದಿದೆಯೋ ನಿಚ್ಚಳವಾಗಿ ತಿಳಿಯುತ್ತದೆ.

ಬಡಿಸುವ ವಿಷಯ. ನಮ್ಮ ಪಬ್ಬುಗಳ ಉಪ್ಪು, ನಿಂಬೆ, ಒಂದೇ ಏಟಿಗೆ ಗಂಟಲಿಗೆ ಸುರಿಯುವ ಆಟ ಇಲ್ಲಿ ಬೇಡವೇ ಬೇಡ. ಹುಳಿ ಮತ್ತು ಉಪ್ಪು ನಾಲಿಗೆಯನ್ನು ಮೊದಲೇ ಆಕ್ರಮಿಸಿಕೊಂಡರೆ ಓಕ್ ಕೊಟ್ಟ ಸೂಕ್ಷ್ಮಗಳೆಲ್ಲ ವ್ಯರ್ಥ. ಐಸ್ ಕೂಡ ಬೇಡ, ತಂಪಿನಲ್ಲಿ ಘಮ ಮುದುಡುತ್ತದೆ. 20 ಡಿಗ್ರಿ ಆಸುಪಾಸು ಸರಿಯಾದ ಹದ. ಬೇಸಿಗೆಯ ಮನೆಯಲ್ಲಾದರೆ ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಶಾಟ್ ಗ್ಲಾಸಿನ ಬದಲು ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಗ್ಲಾಸು ಬೇಕು. ಆಸ್ಟ್ರಿಯಾದ ರೀಡೆಲ್ ಕಂಪನಿ ಟಕೀಲಾಕ್ಕೆಂದೇ ಒಂದನ್ನು ರೂಪಿಸಿದೆ. ಅದಿಲ್ಲದಿದ್ದರೆ ಸಣ್ಣ ವೈನ್ ಗ್ಲಾಸೇ ಸಾಕು.

ಮೂವತ್ತು ಎಂ.ಎಲ್. ಸುರಿದು ಹತ್ತು ನಿಮಿಷ ಮುಟ್ಟದೆ ಬಿಡಿ. ಆಮೇಲೆ ಗ್ಲಾಸನ್ನು ಓರೆ ಮಾಡಿ, ಬಾಯಿ ತುಸು ತೆರೆದು ಮೂಸಿ. ಬಾಯಿ ಮುಚ್ಚಿದ್ದರೆ ಮದ್ಯಸಾರ ಮೂಗಿಗೆ ಚುಚ್ಚುತ್ತದೆ. ಅಂಚಿನ ಕೆಳತುದಿಯಲ್ಲಿ ಒಂದು ಘಮ, ಮೇಲ್ತುದಿಯಲ್ಲಿ ಇನ್ನೊಂದು. ಮೊದಲ ಗುಟುಕು ನಾಲಿಗೆಯನ್ನು ಒಗ್ಗಿಸುವುದಕ್ಕೆ ಮಾತ್ರ, ಅದರಿಂದ ಏನನ್ನೂ ತೀರ್ಮಾನಿಸಬಾರದು. ಎರಡನೆಯದನ್ನು ಬಾಯಲ್ಲಿ ಕೆಲವು ಕ್ಷಣ ಆಡಿಸಿ, ನುಂಗಿ, ಮೂಗಿನಿಂದ ಮೆಲ್ಲಗೆ ಉಸಿರು ಬಿಡಿ. ವೆನಿಲ್ಲಾ, ದಾಲ್ಚಿನ್ನಿ, ಒಣ ಅಂಜೂರ ಮುಂದೆ ಬರುತ್ತವೆ. ಅವು ಸರಿದ ಮೇಲೆ ಗಂಟಲಿನ ಬಳಿ ಕಾಳುಮೆಣಸಿನ ಕಾವು, ಅದರ ಬೆನ್ನಿಗೆ ಬೆಂದ ತಿರುಳಿನ ಸಿಹಿ ಏಳಬೇಕು. ನಾನು ಗಿಡ ಎಂದದ್ದು ಇದನ್ನೇ.

ಸಾಧ್ಯವಾದರೆ ಅದೇ ತಯಾರಕರ ಬ್ಲಾಂಕೊವನ್ನು ಇನ್ನೊಂದು ಗ್ಲಾಸಿನಲ್ಲಿ ಸುರಿದು, ಮೊದಲು ಅದರ ಒಂದು ಗುಟುಕು ತೆಗೆದುಕೊಳ್ಳಿ. ಪೀಪಾಯಿ ಏನು ಸೇರಿಸಿತು, ಏನು ಕಿತ್ತುಕೊಂಡಿತು ಎಂಬುದನ್ನು ಕಲಿಯಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಹಲಿಸ್ಕೊದಲ್ಲಿ ಟಕೀಲಾದ ಜೊತೆ ಕಿತ್ತಳೆ ರಸ, ಮೆಣಸಿನಕಾಯಿ ಖಾರದ ಸಾಂಗ್ರಿತಾ ಕೊಡುತ್ತಾರೆ. ಅದು ಬ್ಲಾಂಕೊವಿಗೆ ಚೆನ್ನ, ಅನ್ಯೆಹೊವಿಗೆ ಗದ್ದಲ. ಅನ್ಯೆಹೊ ಊಟ ಮುಗಿದ ಮೇಲಿನ ಪಾನೀಯ. ನಂಚಿಕೊಳ್ಳಲು ಸಿಹಿ ಕಡಿಮೆಯಿರುವ ಡಾರ್ಕ್ ಚಾಕೊಲೇಟ್, ಉಪ್ಪಿಲ್ಲದ ಹುರಿದ ಬಾದಾಮಿ ಸಾಕು.

ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ, ರೈಲು ಹಳಿಯ ಬದಿಯಲ್ಲಿ ನಿಂತಿರುವ ಕತ್ತಾಳೆಯೂ ಇದೇ ಕುಲದ್ದೇ. ದಖ್ಖನಿನ ಆ ಗಿಡದಿಂದಲೇ ಡೆಸ್ಮಂಡ್ ನಝರೆತ್ ಆಂಧ್ರದ ಚಿತ್ತೂರು ಕಡೆ ಮದ್ಯ ಇಳಿಸಿ 2011ರಲ್ಲಿ ಗೋವಾ ಮಾರುಕಟ್ಟೆಗೆ ತಂದರು. ಟಕೀಲಾ ಎಂಬ ಹೆಸರು ಮೆಕ್ಸಿಕೊದ್ದಾದ್ದರಿಂದ ಇವು ಅಗಾವೆ ಸ್ಪಿರಿಟ್ ಎಂದೇ ಮಾರಾಟವಾಗುತ್ತವೆ. ಟಕೀಲಾದ ಪಕ್ಕದಲ್ಲಿಟ್ಟು ಹೋಲಿಸಲು ಇವು ತಕ್ಕವು, ಬದಲಿಯೆಂದು ಭಾವಿಸಿದರೆ ಎರಡಕ್ಕೂ ಅನ್ಯಾಯ.

ತೆರೆದ ಬಾಟಲಿಯನ್ನು ವೈನಿನಂತೆ ಮಲಗಿಸಬೇಡಿ, ಬಿರಡೆಯನ್ನು ಮದ್ಯಸಾರ ತಿನ್ನುತ್ತದೆ. ನಿಲ್ಲಿಸಿ, ಬಿಸಿಲಿನಿಂದ ದೂರವಿಡಿ. ಅರ್ಧಕ್ಕಿಳಿದ ಬಾಟಲಿಯೊಳಗೆ ಗಾಳಿಯದ್ದೇ ಕಾರುಬಾರು, ಕೆಲವು ತಿಂಗಳಲ್ಲಿ ಘಮ ಸೊರಗುತ್ತದೆ. ದುಬಾರಿಯೆಂದು ವಿಶೇಷ ದಿನಕ್ಕಾಗಿ ವರ್ಷಗಟ್ಟಲೆ ಬೀರುವಿನಲ್ಲಿಡುವುದಕ್ಕಿಂತ, ಬಾಟಲಿ ಒಮ್ಮೆ ತೆರೆದ ಮೇಲೆ ರುಚಿ ಬಲ್ಲ ನಾಲ್ಕು ಜನರನ್ನು ಮನೆಗೆ ಕರೆಯಿರಿ.